ಐದು ನಿಮಿಷ ಮುಂದಿದ್ದ ಗಡಿಯಾರ

ಬೋರ್ಡಿನ ಮೇಲೆ ಏನು ಬರೆಯಬೇಕೆಂದು ಸ್ಟೇಷನ್ ಮಾಸ್ಟರ್ ಹೇಳಿ ಹೋಗಿ ಅರ್ಧ ಗಂಟೆಯಾಗಿತ್ತು. ಟಿಕೆಟ್ ಗುಮಾಸ್ತ ಇನ್ನೂ ಚಾಕ್‌ಪೀಸು ಹಿಡಿದುಕೊಂಡೇ ಕೂತಿದ್ದ. ಬರೆಯಬೇಕಾಗಿದ್ದದ್ದು ಒಂದೇ ಸಾಲು: ನಿಲ್ದಾಣದ ಗಡಿಯಾರವನ್ನು ಸರಿಪಡಿಸಲಾಗಿದೆ, ಪ್ರಯಾಣಿಕರು ಗಮನಿಸಬೇಕು. ಇಪ್ಪತ್ತಾರು ವರ್ಷ ಇದೇ ಕಿಂಡಿಯ ಹಿಂದೆ ಕೂತು ಇಂಥ ಸಾಲುಗಳನ್ನು ಅವನು ನೂರಾರು ಸಲ ಬರೆದಿದ್ದಾನೆ. ಗಾಡಿ ತಡ, ಗಾಡಿ ರದ್ದು, ಕುಡಿಯುವ ನೀರು ಇಲ್ಲ. ಅವನ ಅಕ್ಷರ ದುಂಡಗಿದೆ ಎಂದು ಊರಿಗೆಲ್ಲ ಗೊತ್ತು. ಇವತ್ತು ಮಾತ್ರ ಕೈ ಏಳಲೊಲ್ಲದು. ಸರಿಪಡಿಸಿದ್ದು ಯಾವತ್ತು ಎಂದು ಬರೆಯಬೇಕೋ ಬೇಡವೋ? ಮಾಸ್ಟರ್ ತಾರೀಖಿನ ಮಾತೇ ಎತ್ತಿರಲಿಲ್ಲ. ತಾರೀಖು ಹಾಕಿದರೆ ಅದು ಮೂರು ವಾರದ ಹಿಂದಿನ ಒಂದು ಬುಧವಾರದ್ದು. ಮಾರನೆಯ ದಿನ, ಗುರುವಾರ, ಅವನ ಭಾವನಿಗೆ ಇದೇ ಸ್ಟೇಷನ್ನಿನಲ್ಲಿ ಏಳು ಹತ್ತರ ಗಾಡಿ ತಪ್ಪಿತು. ಅವತ್ತೇ ಮಧ್ಯಾಹ್ನ ಅವರು ತೀರಿಕೊಂಡರು. ಹಳಿಯಾಚೆಯ ಓಣಿಯಲ್ಲಿರುವ ಅಕ್ಕನಿಗೆ ಈ ತಾರೀಖು ಗೊತ್ತಿಲ್ಲ. ಗಡಿಯಾರ ಸರಿಯಾಗಿದೆ ಎಂಬುದೇ ಅವಳಿಗೆ ಗೊತ್ತಿಲ್ಲ. ಗಂಡನಿಗೆ ಗಾಡಿ ತಪ್ಪಿದ್ದು ತನ್ನಿಂದ ಎಂದುಕೊಂಡು ಮೂರು ವಾರದಿಂದ ಗೋಡೆ ನೋಡುತ್ತ ಕೂತಿದ್ದಾಳೆ. ಬೋರ್ಡು ಹೊರಗೆ ಹೋದರೆ ಮಧ್ಯಾಹ್ನದೊಳಗೆ ಸುದ್ದಿ ಓಣಿ ಮುಟ್ಟುತ್ತದೆ. ಬೇರೆ ಯಾರೋ ಹೇಳುವ ಮೊದಲು ತಾನೇ ಹೇಳಬೇಕು. ಊಟಕ್ಕೆ ಹೋದಾಗ, ಬಾಗಿಲಲ್ಲೇ ನಿಂತು, ಕೂರುವ ಮೊದಲೇ ಹೇಳಿಬಿಡಬೇಕು. ಹೀಗೆ ಅವನು ನಿನ್ನೆಯೂ ಅಂದುಕೊಂಡಿದ್ದ, ಮೊನ್ನೆಯೂ ಅಂದುಕೊಂಡಿದ್ದ.

"ಸ್ವಾಮಿ, ಟಿಕೆಟ್ ಕೊಡ್ತೀರೋ, ಇಲ್ಲ ಚಿತ್ರ ಬಿಡಿಸ್ತೀರೋ?" ಕಿಂಡಿಯಾಚೆ ಒಬ್ಬ ಮುದುಕಿ ಕೇಳಿದಳು. ಸಂಜೆಯ ಗಾಡಿಗೆ ಬೆಳಿಗ್ಗೆಯೇ ಟಿಕೆಟ್ ತೆಗೆದುಕೊಂಡು ಹೋಗಿಬಿಡುವ ಜನ ಇನ್ನೂ ಈ ಊರಿನಲ್ಲಿದ್ದಾರೆ. ಅವನು ಟಿಕೆಟ್ ಕೊಟ್ಟ. ಚಾಕಿನ ಪುಡಿ ಟಿಕೆಟ್ಟಿಗೂ ಮೆತ್ತಿಕೊಂಡಿತು. ಅವಳು ಅದನ್ನು ಊದಿ ಸೆರಗಿಗೆ ಒರೆಸಿಕೊಂಡು, ಇಂಥವನನ್ನು ಇಲ್ಲಿ ಕೂರಿಸಿದವರು ಯಾರೋ ಎಂಬಂತೆ ಒಮ್ಮೆ ನೋಡಿ ಹೋದಳು.

ನೂರಿಪ್ಪತ್ತೈದು ವರ್ಷದ ಸ್ಟೇಷನ್ ಇದು. ಬರುವ ತಿಂಗಳು ಸಮಾರಂಭವಿದೆ, ಅದಕ್ಕಾಗಿ ಬಣ್ಣ ಬಳಿಯುತ್ತಿದ್ದಾರೆ. ಬೀಡು ಕಬ್ಬಿಣದ ಕಂಬಗಳಿಗೆ ಹಸಿರು, ಕಮಾನುಗಳಿಗೆ ಬಿಳಿ. ಒಂದು ಕಾಲಕ್ಕೆ ಹಗಲು ರಾತ್ರಿ ಸೇರಿ ಇಲ್ಲಿ ಹದಿನೆಂಟು ಗಾಡಿ ನಿಲ್ಲುತ್ತಿದ್ದವಂತೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ, ದೊಡ್ಡವರಿಗೆ ಬೇರೆ ವೇಟಿಂಗ್ ರೂಮು, ಅದರೊಳಗೆ ಆಳೆತ್ತರದ ಕನ್ನಡಿ, ಕನ್ನಡಿಯ ಮುಂದೆ ಮೀಸೆ ತೀಡಿಕೊಳ್ಳುವವರ ಸಾಲು. ಈಗ ಇರುವುದು ಬೆಳಿಗ್ಗೆ ಏಳು ಹತ್ತಕ್ಕೆ ದೊಡ್ಡ ಊರಿಗೆ ಹೋಗುವ ಪ್ಯಾಸೆಂಜರ್, ಸಂಜೆ ಆರೂಕಾಲಿಗೆ ವಾಪಸು ಬರುವ ಅದೇ ಪ್ಯಾಸೆಂಜರ್. ವಾರಕ್ಕೆ ಮೂರು ದಿನ ಒಂದು ಎಕ್ಸ್‌ಪ್ರೆಸ್ ಒಂದೇ ನಿಮಿಷ ನಿಂತು, ನಿಂತದ್ದಕ್ಕೆ ಬೇಸರಪಟ್ಟುಕೊಂಡಂತೆ ಹೊರಟುಹೋಗುತ್ತದೆ. ಮಿಕ್ಕವೆಲ್ಲ ಗೂಡ್ಸ್, ತಿರುಗಿಯೂ ನೋಡುವುದಿಲ್ಲ. ಮೂರು ವೇಟಿಂಗ್ ರೂಮುಗಳಲ್ಲಿ ಎರಡಕ್ಕೆ ಬೀಗ. ಮಾಸ್ಟರ್, ಟಿಕೆಟ್ ಗುಮಾಸ್ತ, ಒಬ್ಬ ವಯಸ್ಸಾದ ಪೋರ್ಟರ್, ಕಸ ಗುಡಿಸುವ ಹೆಂಗಸು, ಇಷ್ಟೇ ಜನ. ಆದ್ದರಿಂದ ಟಿಕೆಟ್ ಕೊಡುವುದು, ಮೈಕಿನಲ್ಲಿ ಕೂಗುವುದು, ಬೋರ್ಡು ಬರೆಯುವುದು, ಪ್ರತಿ ಬುಧವಾರ ಸಂಜೆ ಗೋಪುರ ಹತ್ತಿ ಗಡಿಯಾರಕ್ಕೆ ಕೀ ಕೊಡುವುದು, ಎಲ್ಲವೂ ಅವನ ತಲೆಗೇ ಬಂದಿತ್ತು. ಕೀ ಕೊಡುವ ಕೆಲಸ ಮಾತ್ರ ಅವನಿಗೆ ಇಷ್ಟ. ಐವತ್ತೆರಡು ಮೆಟ್ಟಿಲು, ಮೇಲೆ ಪುಟ್ಟ ಕೋಣೆ, ಎಣ್ಣೆಯ ವಾಸನೆ. ಅಲ್ಲಿ ಅವನನ್ನು ಯಾರೂ ಕೂಗುವುದಿಲ್ಲ.

ಆ ಗಡಿಯಾರ ಐದು ನಿಮಿಷ ಮುಂದಿತ್ತು. ಕೆಟ್ಟು ಮುಂದಿದ್ದದ್ದಲ್ಲ, ಬೇಕೆಂದೇ ಮುಂದಿಟ್ಟದ್ದು. ಎಷ್ಟೋ ವರ್ಷದ ಹಿಂದೆ ಯಾವನೋ ಒಬ್ಬ ಮಾಸ್ಟರ್, ಈ ಊರಿನ ಜನ ಜನ್ಮದಲ್ಲಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ರೋಸಿಹೋಗಿ ಮುಳ್ಳನ್ನು ಐದು ನಿಮಿಷ ಮುಂದೆ ತಳ್ಳಿದನಂತೆ. ಒಂದು ತಿಂಗಳು ಎಲ್ಲರೂ ಓಡೋಡಿ ಬಂದು, ಏದುಸಿರು ಬಿಡುತ್ತ ಖಾಲಿ ಹಳಿ ನೋಡಿದರು. ಆಮೇಲೆ ಗುಟ್ಟು ತಿಳಿಯಿತು. ಊರಿಗೆ ಊರೇ ಮನಸ್ಸಿನಲ್ಲಿ ಐದು ಕಳೆದುಕೊಳ್ಳುವುದನ್ನು ಕಲಿತು, ಮತ್ತೆ ಹಳೆಯ ಹಾಗೆಯೇ ಕೊನೆಯ ಗಳಿಗೆಯಲ್ಲಿ ಬರತೊಡಗಿತು. ಲಾಭ ಯಾರಿಗೂ ಆಗಲಿಲ್ಲ. ಆದರೂ ಗಡಿಯಾರವನ್ನು ಯಾರೂ ಸರಿಮಾಡಲಿಲ್ಲ. ಮಾಸ್ಟರುಗಳು ಬದಲಾದರು, ಐದು ನಿಮಿಷ ಹಾಗೇ ಉಳಿಯಿತು. ಈಗಿನವರ ಜೇಬಿನಲ್ಲೆಲ್ಲ ಮೊಬೈಲು, ಅವರಿಗೆ ಗೋಪುರದ ಕಡೆ ಕತ್ತೆತ್ತುವ ಕೆಲಸವೇ ಇಲ್ಲ. ಆದರೆ ಹಳಿಯಾಚೆಯ ಓಣಿಯ ಹಳಬರ ಮನೆಗಳಲ್ಲಿ ಇವತ್ತಿಗೂ ಅಡುಗೆಮನೆಯ ಕಿಟಕಿಯಿಂದ ಕಾಣುವ ಆ ಗಡಿಯಾರವೇ ಗಡಿಯಾರ. ಅಕ್ಕನ ಮನೆಯ ಕಿಟಕಿಯಿಂದಂತೂ ಒಲೆಯ ಮುಂದೆ ನಿಂತರೆ ನೇರ ಕಣ್ಣಿಗೇ ಬೀಳುತ್ತದೆ. ಭಾವನ ದರ್ಜಿ ಅಂಗಡಿ ತೆರೆಯುವುದು, ಮುಚ್ಚುವುದು, ಊಟ, ಮಾತ್ರೆ, ಮೂತ್ರಪಿಂಡ ಕೈಕೊಟ್ಟ ಮೇಲೆ ಸೋಮವಾರ ಗುರುವಾರ ದೊಡ್ಡ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೊರಡುವುದು, ಎಲ್ಲವೂ ಐದು ಕಳೆದ ಆ ಗಡಿಯಾರದ ಪ್ರಕಾರವೇ.

ಗೋಪುರದಲ್ಲಿ ಏಳು ಐದಾದಾಗ ಅವರು ಮನೆ ಬಿಡುತ್ತಿದ್ದರು, ಅಂದರೆ ನಿಜವಾಗಿ ಏಳು ಗಂಟೆಗೆ. ಭಾವನ ಕಾಲಿಗೆ ಮೇಲ್ಸೇತುವೆ ಹತ್ತಿಳಿದು ಬರಲು ಎಂಟು ನಿಮಿಷ ಬೇಕು. ಗಾಡಿ ಏಳು ಹತ್ತಕ್ಕೆ ಬರುತ್ತದೆ, ಹನ್ನೆರಡಕ್ಕೆ ಹೊರಡುತ್ತದೆ. ಈ ಲೆಕ್ಕವನ್ನು ಅವನು ಮೂರು ವಾರದಲ್ಲಿ ಎಷ್ಟು ಸಲ ಮಾಡಿದ್ದಾನೋ. ಹಲ್ಲುಜ್ಜುವಾಗ ಮಾಡಿದ್ದಾನೆ, ಟಿಕೆಟ್ ಹರಿಯುವಾಗ ಮಾಡಿದ್ದಾನೆ. ಎಲ್ಲಾದರೂ ಒಂದು ಸಲ ಬೇರೆ ಉತ್ತರ ಬಂದೀತು ಎಂದು ಮಾಡಿದ್ದಾನೆ. ಅವತ್ತು ಅಕ್ಕ ಭಾವನನ್ನು ತಡೆದಿದ್ದಳು. 'ಇನ್ನೂ ಹೊತ್ತಿದೆ, ಆ ಅರ್ಧ ಲೋಟ ಕಾಫಿ ಕುಡಿದೇ ಹೋಗಿ, ಬಾಯಿ ಒಣಗುತ್ತೆ ಅಂತೀರಿ' ಎಂದು ಕೂರಿಸಿದ್ದಳು. ಅದಕ್ಕೆ ಎರಡು ನಿಮಿಷ ಹೋಯಿತು. ಗಡಿಯಾರ ಹಳೆಯ ಹಾಗೆ ಇದ್ದಿದ್ದರೆ ಆ ಎರಡು ನಿಮಿಷ ಕಳೆದರೂ ಅವರು ಏಳು ಹತ್ತಕ್ಕೆ ಪ್ಲಾಟ್‌ಫಾರ್ಮಿನ ಮೇಲೆ ಇರುತ್ತಿದ್ದರು. ಗಾಡಿಯ ಜೊತೆಗೇ ಬಂದು ನಿಲ್ಲುತ್ತಿದ್ದರು. ಸರಿಯಾದ ಗಡಿಯಾರದಲ್ಲೂ ಐದು ಕಳೆದುಕೊಂಡು ಹೊರಟದ್ದರಿಂದ ಏಳು ಹದಿನೈದಕ್ಕೆ ಬಂದರು, ಕಾಫಿ ಕುಡಿಯದಿದ್ದರೂ ಹದಿಮೂರಾಗುತ್ತಿತ್ತು. ಅಕ್ಕನ ಅರ್ಧ ಲೋಟ ಕಾಫಿ ನಿರಪರಾಧಿ. ಇಡೀ ಪ್ರಪಂಚದಲ್ಲಿ ಇದು ಗೊತ್ತಿರುವುದು ಅವನೊಬ್ಬನಿಗೆ.

ಯಾಕೆ ಸರಿಮಾಡಿದೆ? ಕೆಲಸ ಎಂದು ಮಾಡಿದ್ದಲ್ಲ. ಸಮಾರಂಭದ ಏರ್ಪಾಡು ನೋಡಲು ಹೆಡ್ ಆಫೀಸಿನಿಂದ ಒಬ್ಬಳು ಅಧಿಕಾರಿ ಬಂದಿದ್ದಳು. ಅವನ ಅರ್ಧ ವಯಸ್ಸು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸದಾ ಫೋನು. ಕಮಾನು, ಕಂಬ, ಕನ್ನಡಿ ಎಲ್ಲದರ ಫೋಟೋ ತೆಗೆದುಕೊಂಡು ಕೊನೆಗೆ ಗೋಪುರ ನೋಡಿ, ಫೋನು ನೋಡಿ, ಮತ್ತೆ ಗೋಪುರ ನೋಡಿದಳು. "ಇದನ್ನ ನೋಡ್ಕೊಳ್ಳೋದು ಯಾರು?" ಮಾಸ್ಟರ್ ಅವನ ಕಡೆ ತೋರಿಸಿದರು. ಅವನು ಎದೆ ಸ್ವಲ್ಪ ಮುಂದೆ ಮಾಡಿ ನಿಂತ, ಹೊಗಳುತ್ತಾಳೆ ಎಂದೇ ಎಣಿಸಿದ್ದ. "ಇಷ್ಟು ವರ್ಷದಲ್ಲಿ ಒಂದು ದಿನಾನೂ ಇದನ್ನ ಸರಿ ಮಾಡ್ಬೇಕು ಅನ್ನಿಸ್ಲೇ ಇಲ್ವಾ ನಿಮಗೆ?" ಎಂದಳು. ಪೋರ್ಟರ್ ಮುದುಕ ಕಿಸಕ್ಕೆಂದು ನಕ್ಕ. ಇದೊಂದು ಪದ್ಧತಿ ಮೇಡಂ, ಹಿಂದಿನಿಂದ ಬಂದದ್ದು ಎಂದು ಅವನು ವಿವರಿಸಲು ಹೋದ. ಅಷ್ಟರಲ್ಲಿ ಅವಳು ಕಂಬದ ಕಡೆ ತಿರುಗಿಯಾಗಿತ್ತು. ವಿವರಣೆ ಅರ್ಧ ಬಾಯಿಯಲ್ಲೇ ಉಳಿಯಿತು. ಅವಳು ಹೋದ ಮೇಲೆ ಮಾಸ್ಟರ್ ಸಮಾಧಾನವಾಗಿಯೇ ಹೇಳಿದ್ದರು. "ಸರಿ ಮಾಡೋಣಂತೆ. ಮೊದಲು ಒಂದು ವಾರ ಬೋರ್ಡ್ ಹಾಕಿ, ಮೈಕಲ್ಲಿ ಹೇಳಿ, ಜನಕ್ಕೆ ಗೊತ್ತಾಗ್ಲಿ. ಅವಸರ ಏನಿಲ್ಲ." ಅವಸರ ಅವನಿಗಿತ್ತು. ಅವಳು ಗುರುವಾರ ಬೆಳಿಗ್ಗೆ ಮತ್ತೆ ಬರುವವಳಿದ್ದಳು. ಬುಧವಾರ ಸಂಜೆ ಗಾಡಿ ಹೋದ ಮೇಲೆ ಐವತ್ತೆರಡು ಮೆಟ್ಟಿಲು ಹತ್ತಿದ. ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು, ಒಳಗಿನ ಚಕ್ರದ ಹಲ್ಲು ಮುರಿಯುತ್ತವೆ. ಲೋಲಕವನ್ನು ಹಿಡಿದು ನಿಲ್ಲಿಸಿಕೊಂಡು, ಹೊತ್ತು ತಾನಾಗಿ ಬಂದು ಕೂಡಿಕೊಳ್ಳುವ ತನಕ ಕಾಯಬೇಕು. ತಣ್ಣಗಿನ ಹಿತ್ತಾಳೆಯ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಅವನು ಐದು ನಿಮಿಷ ನಿಂತ. ಅಷ್ಟು ದೊಡ್ಡ ಯಂತ್ರ ಉಸಿರು ಬಿಗಿಹಿಡಿದುಕೊಂಡು ಅವನ ಅಪ್ಪಣೆಗೆ ಕಾಯುತ್ತಿತ್ತು. ಜೀವಮಾನದಲ್ಲಿ ಯಾವುದೂ ಅವನ ಅಪ್ಪಣೆಗೆ ಕಾದಿರಲಿಲ್ಲ. ಬಿಟ್ಟಾಗ ಟಕ್ಕೆಂದು ನಡೆಯತೊಡಗಿತು, ಅವನು ಒಬ್ಬನೇ ನಕ್ಕ.

ಆ ನಗುವನ್ನು ಮುಖದ ಮೇಲೇ ಇಟ್ಟುಕೊಂಡು ಅಕ್ಕನ ಮನೆಗೆ ಹೋಗಿದ್ದ. ಹೇಳಬೇಕೆಂದೇ ಹೋಗಿದ್ದ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅಂದಿನಿಂದ ಅವನ ತಟ್ಟೆಗೆ ಬಡಿಸಿದವಳು ಅವಳೇ. ಅವನ ಮದುವೆಯ ಮಾತು ಎರಡು ಮೂರು ಕಡೆ ಎದ್ದು ತಾನಾಗಿಯೇ ಕೂತ ಮೇಲೆ, ಮಧ್ಯಾಹ್ನ ರಾತ್ರಿ ಎರಡು ಹೊತ್ತಿನ ಊಟವೂ ಅಲ್ಲೇ. ನಲವತ್ತೆಂಟು ವರ್ಷದ ಗಂಡಸನ್ನು ಅವಳು ಇನ್ನೂ ಪುಟ್ಟ ಎಂದೇ ಕರೆಯುತ್ತಾಳೆ. ಊಟಕ್ಕೆ ಕೂತಾಗ ಹೇಳೋಣ ಎಂದುಕೊಂಡ. ಕಾಲು ಊದಿಕೊಂಡು ಗೋಡೆಗೊರಗಿದ್ದ ಭಾವ ಅವತ್ತು ಯಾಕೋ ಗೆಲುವಾಗಿದ್ದರು. ಗೆಲುವಾಗಿದ್ದರೆ ಅವರಿಗೆ ಬಾಮೈದನೇ ಆಟದ ಸಾಮಾನು. "ನಮ್ಮ ಬಾಮೈದಂಗೆ ವಾರಕ್ಕೊಂದೇ ಕೆಲಸ ಕಣೇ, ಗಡಿಯಾರಕ್ಕೆ ಕೀ ಕೊಡೋದು. ಅದೂ ಐದು ನಿಮಿಷ ತಪ್ಪು!" ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಷ್ಟೇ. ಹಿಂದೆ ಇಂಥ ಮಾತಿಗೆ ಅವನೂ ನಕ್ಕದ್ದುಂಟು. ಆದರೆ ಅವತ್ತು ಸಂಜೆಯಷ್ಟೇ ಲೋಲಕ ಹಿಡಿದ ಕೈ ಅದು, ಬೆಳಿಗ್ಗೆ ಆ ಹುಡುಗಿಯ ಮುಂದೆ ಬೀಗಬೇಕಾಗಿದ್ದ ಕೈ. ಏನೂ ಹೇಳದೆ ಉಂಡು ಎದ್ದ. ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟುವಾಗ ನೆನಪಾಯಿತು: ನಾಳೆ ಗುರುವಾರ, ಇವರು ಗಾಡಿಗೆ ಹೊರಡುತ್ತಾರೆ, ಹೇಳಬೇಕು. ಮರೆತೆ ಎನ್ನುವ ಸುಖ ಅವನಿಗಿಲ್ಲ. ನೆನಪಾಗಿತ್ತು. ದಾರ ಎಳೆದು ಗಂಟು ಹಾಕುವಷ್ಟು ಹೊತ್ತು ಆ ಮಾತು ನಾಲಗೆಯ ಮೇಲೇ ಇತ್ತು. ನಾಳೆ ಅವರೇ ನೋಡಲಿ, ಗಡಿಯಾರ ಸರಿಯಾಗಿದೆ ಎಂದು ಅವರ ಕಣ್ಣಿಗೇ ಕಾಣಲಿ, ಆಗ ನಗಲಿ, ಎಂದುಕೊಂಡು ಎದ್ದು ಹೋದ.

ಅವನು ಕೊನೆಗೂ ಬೋರ್ಡು ಬರೆದ. ತಾರೀಖು ಹಾಕಲಿಲ್ಲ. ಹೊರಗೆ ಕಂಬಕ್ಕೆ ಒರಗಿಸಿದಾಗ ಬಣ್ಣದವರು, ಪೋರ್ಟರ್, ಕಸದ ಹೆಂಗಸು, ಬುಟ್ಟಿ ಇಳಿಸಿಕೊಂಡು ಕೂತಿದ್ದ ಇಬ್ಬರು ಮಾರಾಟದವರು ಬಂದು ಓದಿದರು. ಒಬ್ಬ ಮಾರಾಟದವನು ಹೇಳಿದ, "ಓಹೋ, ಈಗ ಹೇಳ್ತಿದೀರಾ! ಅವತ್ತು ನಾನು ಮೂಟೆ ಹೊತ್ಕೊಂಡು ಓಡಿದ್ದು ದಂಡ. ಗಾಡಿ ಬಾಲ ಮಾತ್ರ ಕಂಡಿದ್ದು." ಎಲ್ಲರೂ ನಕ್ಕರು. ಅವನೂ ಹಲ್ಲು ತೋರಿಸಿದ. ಅವತ್ತು ಎಂದು ಇವನು ತಾರೀಖು ಹೇಳಿಬಿಡುತ್ತಾನೇನೋ ಎಂದು ಗುಮಾಸ್ತ ಅವನ ಬಾಯನ್ನೇ ನೋಡುತ್ತಿದ್ದ. ಮಾರಾಟದವನ ಮಾತು ಮೂಟೆಯ ಭಾರದ ಕಡೆ ಹೋಯಿತು, ಮೊಣಕಾಲು ನೋವಿನ ಕಡೆ ಹೋಯಿತು, ತಾರೀಖು ಅವನಿಗೆ ಬೇಕಿರಲಿಲ್ಲ. ಮಾಸ್ಟರ್ ಬಾಗಿಲಿಗೆ ಬಂದು ಬೋರ್ಡಿನ ಮೇಲೆ ಕಣ್ಣಾಡಿಸಿ, "ಚೆನ್ನಾಗಿದೆ, ಇನ್ನೂ ಮೊದಲೇ ಹಾಕ್ಬೇಕಿತ್ತು" ಎಂದು ಒಳಗೆ ಹೋದರು. ಅವನು ಹಿಂದೆಯೇ ಹೋದ.

"ಸರ್, ಅವತ್ತು ನಾನು ನಿಮ್ಮ ಮಾತು ಕೇಳ್ಲಿಲ್ಲ. ಒಂದು ವಾರ ಕಾಯದೆ ಇದ್ದಿದ್ದು ತಪ್ಪಾಯ್ತು."

ಮಾಸ್ಟರ್ ಫೈಲಿನಿಂದ ತಲೆಯೆತ್ತಿ ಕನ್ನಡಕ ತೆಗೆದರು. ಗಡಿಯಾರ ಸರಿಯಾದ ದಿನ ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದವರ ಹಾಗಿದ್ದರು. "ಅದನ್ನ ಎಷ್ಟು ದಿನ ತಲೇಲಿ ಇಟ್ಕೊಂಡಿರ್ತೀರಾ? ನೀವು ಗಡಿಯಾರ ಕೆಡಿಸಿದ್ರೆ ಅದು ತಪ್ಪು. ಸರಿ ಮಾಡಿದ್ದಕ್ಕೆ ಯಾರಾದ್ರೂ ಮೆಮೊ ಕೊಡ್ತಾರಾ? ಡಾಕ್ಟ್ರೇ ಹೇಳಿದ್ರಂತಲ್ಲ, ಅವರ ಎದೆ ಮೊದಲೇ ಸೋತಿತ್ತು ಅಂತ."

"ನಮ್ಮಕ್ಕಂಗೆ ಹೇಳಿಲ್ಲ ಸರ್."

"ಹೇಳಿ ಏನ್ ಮಾಡ್ತೀರಾ? ಹೋದವರು ಬರ್ತಾರಾ?" ಎಂದು ಮಾಸ್ಟರ್ ಮತ್ತೆ ಕನ್ನಡಕ ಹಾಕಿಕೊಂಡರು. ಬಯ್ದಿದ್ದರೆ ಚೆನ್ನಾಗಿತ್ತು. ಕಪಾಳಕ್ಕೆ ಒಂದು ಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಯಾರೂ ಬಯ್ಯದ ತಪ್ಪನ್ನು ಎಲ್ಲಿಡುವುದು ಎಂದು ತಿಳಿಯದೆ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಬೇರೆ ಏನಾದರೂ ಇದೆಯೇ ಎಂಬಂತೆ ಅವರು ನೋಡಿದಾಗ ಹೊರಗೆ ಬಂದ.

ಹನ್ನೆರಡೂವರೆಗೆ ಕಿಂಡಿ ಮುಚ್ಚಿ ಮೇಲ್ಸೇತುವೆ ಹತ್ತಿದ. ಭಾವ ನಿಂತಿದ್ದ ಜಾಗ ಬಂದೇ ಬರುತ್ತದೆ, ಬೇರೆ ದಾರಿಯಿಲ್ಲ. ಸೇತುವೆಯ ನಟ್ಟನಡುವೆ, ಎಡಗಡೆಯ ಕಂಬಿ. ಆ ಗುರುವಾರ ಅವನು ಕೆಳಗೆ ಪ್ಲಾಟ್‌ಫಾರ್ಮಿನ ಮೇಲೆ ಅಧಿಕಾರಿಯ ಪಕ್ಕ ನಿಂತಿದ್ದ. ಅವಳು ಫೋನನ್ನು ಎತ್ತಿ ಗೋಪುರದ ಪಕ್ಕಕ್ಕೆ ಹಿಡಿದು, "ವಾಹ್, ಸೆಕೆಂಡಿಗೆ ಸೆಕೆಂಡು ಕೂಡ್ತಿದೆ. ನೀವೇ ಮಾಡಿದ್ರಾ?" ಎಂದಳು. ಹೌದು ಮೇಡಂ ಎಂದು ಅವನು ನಕ್ಕ. ಬಾಯಿ ತುಂಬ ನಕ್ಕ. ಗಾರ್ಡಿನ ಸೀಟಿ ಕೇಳಿಸಿತು, ಗಾಡಿ ಅಲುಗಿತು. ಆ ನಗುವಿನಲ್ಲೇ ತಲೆಯೆತ್ತಿದಾಗ ಗಾಡಿಯ ಮೇಲಿಂದ, ಸೇತುವೆಯ ಮೇಲೆ, ಕಂಬಿ ಹಿಡಿದು ಬಾಯಿ ತೆರೆದು ಉಸಿರೆಳೆಯುತ್ತಿದ್ದ ಭಾವ ಕಂಡರು. ಅವರ ತೋಳು ಹಿಡಿದು ಚೀಲ ಹೊತ್ತು ಅಕ್ಕ. ಅವಳು ಕೈಯೆತ್ತಿ ಬೀಸಿದಳು, ನಿಲ್ಲಿಸು ಎಂದು. ಹಿಂದಿನ ಕಾಲದಲ್ಲಾದರೆ ಒಂದು ಕೂಗಿಗೆ ಗಾರ್ಡು ಅರ್ಧ ನಿಮಿಷ ನಿಲ್ಲಿಸುತ್ತಿದ್ದ, ಗುರುತಿನವರಿಗಾಗಿ ನಿಲ್ಲಿಸಿದ್ದನ್ನು ಅವನೇ ಕಂಡಿದ್ದ. ಈಗ ಎಲ್ಲ ಎಲ್ಲೋ ದೂರದ ಕಂಟ್ರೋಲ್ ರೂಮಿನಿಂದ ನಡೆಯುತ್ತದೆ. ಆದರೂ ಕೂಗಬಹುದಿತ್ತು. ಗಾರ್ಡು ಹತ್ತು ಮಾರು ದೂರದಲ್ಲಿದ್ದ. ಪಕ್ಕದಲ್ಲಿ ಅಧಿಕಾರಿ ಇದ್ದಳು, ನಿಯಮ ತಿಳಿಯದ ಹಳ್ಳಿಗುಮಾಸ್ತ ಅಂದುಕೊಂಡಾಳು ಎಂದು ಅವನ ಬಾಯಿ ಏಳಲಿಲ್ಲ. ಅಕ್ಕ ಬೀಸಿದ ಕೈಗೆ ಉತ್ತರವಾಗಿ, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ, ಅವನೂ ಕೈ ಬೀಸಿದ್ದ.

ಆಮೇಲಿನದೆಲ್ಲ ಅಕ್ಕನ ಬಾಯಿಂದ ಕೇಳಿದ್ದು. ಎಂಟೂವರೆಯ ಬಸ್ಸು ಹಿಡಿದರಂತೆ. ಬಸ್ಸು ಸುತ್ತುದಾರಿ, ಮೂರೂವರೆ ಗಂಟೆ ಕುಲುಕಾಟ. ಹೋಗುವ ಹೊತ್ತಿಗೆ ಹತ್ತು ಗಂಟೆಯ ಪಾಳಿ ತಪ್ಪಿ ಭಾವನ ಹಾಸಿಗೆಯ ಮೇಲೆ ಬೇರೊಬ್ಬರು ಮಲಗಿದ್ದರಂತೆ, ಅವರ ರಕ್ತ ನಳಿಕೆಯಲ್ಲಿ ತಿರುಗುತ್ತಿತ್ತಂತೆ. ನಾಳೆ ಬೆಳಿಗ್ಗೆ ಮೊದಲ ಪಾಳಿ ನಿಮಗೇ ಎಂದು ನರ್ಸು ಚೀಟಿ ಬರೆದುಕೊಟ್ಟಳಂತೆ. ವಾಪಸು ಬರುವ ಬಸ್ಸಿನಲ್ಲಿ ಭಾವ ಅವಳ ಹೆಗಲಿಗೆ ತಲೆಯಿಟ್ಟರಂತೆ. ನಿದ್ದೆ ಬಂತು, ಸದ್ಯ, ಎಂದು ಅವಳು ಅಲುಗದೆ ಕೂತಳಂತೆ. ಎರಡು ಊರು ದಾಟುವ ತನಕ ಅಲುಗಲಿಲ್ಲ. ಹೇಳುತ್ತ ಹೇಳುತ್ತ ಅಕ್ಕ ಪ್ರತಿ ಸಲವೂ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ. "ಎದ್ದು ನಿಂತಿದ್ರು ಕಣೋ ಪುಟ್ಟಾ. ಚಪ್ಪಲಿ ಹಾಕ್ಕೊಂಡು ನಿಂತಿದ್ರು. ನಾನೇ ಕೂರಿಸಿದ್ದು." ಇದನ್ನು ಅವಳು ಬಂದವರಿಗೆಲ್ಲ ಹೇಳಿದಳು. ಬರುವವರು ನಿಂತ ಮೇಲೆ ಗೋಡೆಗೆ ಹೇಳಿದಳು. ಅಡುಗೆಮನೆಯ ಕಿಟಕಿ ಮುಚ್ಚಿ ಅಗುಳಿ ಹಾಕಿದಳು, ಆ ಗಡಿಯಾರದ ಮುಖ ನೋಡಲಾರೆ ಎಂದಳು. ಅವನು ಪ್ರತಿ ಮಧ್ಯಾಹ್ನ ಅವಳೆದುರು ಕೂತು, ದೀಪ ಹಾಕಿದ ಆ ಕತ್ತಲೆ ಅಡುಗೆಮನೆಯಲ್ಲಿ, ಅವಳು ಬಡಿಸಿದ್ದನ್ನು ಉಂಡ. 'ಅಕ್ಕ, ಅದು ಕಾಫಿಯಿಂದ ಅಲ್ಲ. ಬುಧವಾರ ಸಂಜೆ ನಾನು ಗಡಿಯಾರ ಸರಿ ಮಾಡಿದ್ದೆ, ನಿನಗೆ ಹೇಳ್ಲಿಲ್ಲ.' ಮಾತು ಇಷ್ಟೇ. ಸೇತುವೆ ಇಳಿಯುತ್ತ ಅವನು ಅದನ್ನು ಎರಡು ಸಲ ಬಾಯಿಬಿಟ್ಟು ಹೇಳಿ ನೋಡಿದ. ಎದುರು ಬಂದವನೊಬ್ಬ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಬಾಗಿಲು ಅಗಲಕ್ಕೆ ತೆರೆದಿತ್ತು. ಅಕ್ಕ ತಲೆ ಬಾಚಿಕೊಂಡಿದ್ದಳು. ಮೂರು ವಾರದಲ್ಲಿ ಮೊದಲ ಸಲ ಒಗೆದ ಸೀರೆ ಉಟ್ಟಿದ್ದಳು. ಅಡುಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು.

"ಅಕ್ಕ, ನಿಂಗೊಂದು ವಿಷಯ ಹೇಳ್ಬೇಕಿತ್ತು," ಎಂದ ಬಾಗಿಲಲ್ಲೇ.

"ಹೇಳ್ವಂತೆ, ಮೊದಲು ಕೈ ತೊಳ್ಕೊ. ಆರಿಹೋದ್ರೆ ಚೆನ್ನಾಗಿರಲ್ಲ." ಅವಳು ಆಗಲೇ ತಟ್ಟೆ ಹಾಕಿದ್ದಳು.

ಕೂತ. ಅಡುಗೆಮನೆಯಲ್ಲಿ ಬೆಳಕಿತ್ತು. ಕಿಟಕಿ ತೆರೆದಿತ್ತು, ಗೋಪುರ ಕಾಣುತ್ತಿತ್ತು, ಹನ್ನೆರಡು ನಲವತ್ತೆರಡು. ಅಕ್ಕ ಬಡಿಸುತ್ತ ಮಾತಾಡುತ್ತಲೇ ಇದ್ದಳು. ಉಪ್ಪು ಸರಿಯಾಗಿದೆಯಾ, ಕೂದಲು ಕತ್ತರಿಸಿಕೋ, ಕರಡಿ ಹಾಗೆ ಕಾಣ್ತೀಯ, ಅಂಗಡಿಯ ಹೊಲಿಗೆ ಮೆಷಿನ್ನು ತುಕ್ಕು ಹಿಡಿಯುತ್ತೆ, ನೀನೇ ಹೋಗಿ ಎಣ್ಣೆ ಬಿಟ್ಟು ಬಾ. ಅವಳ ದನಿ ಹಳೆಯ ದನಿಯ ಹಾಗಿತ್ತು. ಅವನ ಎದೆ ಹಗುರಾಯಿತು. ತಾನಾಗಿಯೇ ಸುಧಾರಿಸಿಕೊಳ್ಳುತ್ತಿದ್ದಾಳೆ. ಇಂಥ ದಿನವೇ ಅದನ್ನು ಎತ್ತಿ ಕೆದಕಬೇಕೇ? ಇನ್ನೂ ನಾಲ್ಕು ದಿನ ಹೋಗಲಿ, ಮನಸ್ಸು ಗಟ್ಟಿಯಾಗಲಿ, ಆಮೇಲೆ ಹೇಳಿದರೂ ನಡೆಯುತ್ತದೆ, ಹೇಳದೆ ಇದ್ದರೂ ನಡೆಯಬಹುದು. ಹೀಗೆ ಅಂದುಕೊಂಡ ಕೂಡಲೇ ನಿಜವಾಗಿಯೂ ಹಸಿವಾಯಿತು. ತನ್ನ ಮೇಲೆ ತನಗೇ ಹೇಸಿಗೆಯಾದರೂ ದೊಡ್ಡ ತುತ್ತು ಕಲಸಿದ.

"ಹಾಲಿನವಳು ಬಂದಿದ್ಲು," ಅಕ್ಕ ಎಂದಳು. ಸೌಟು ಹಿಡಿದು ಅವನ ಎದುರೇ ನಿಂತಿದ್ದಳು. "ಗಡಿಯಾರ ಸರಿ ಮಾಡಿದೀರಂತೆ? ಬೋರ್ಡ್ ಹಾಕಿದೀರಂತೆ?"

"ಹೂಂ."

"ನೀನೇನಾ ಮಾಡಿದ್ದು?"

"ಹೂಂ."

"ಯಾವತ್ತು?"

ಅವಳು ಅದನ್ನು ಉಪ್ಪಿನ ವಿಷಯ ಕೇಳಿದಷ್ಟೇ ಸಲೀಸಾಗಿ ಕೇಳಿದಳು. ಆದರೆ ಸೌಟು ಅಲುಗುತ್ತಿರಲಿಲ್ಲ. ತಲೆ ಬಾಚಿದ್ದು, ಸೀರೆ, ಕಿಟಕಿ, ಎಲ್ಲವೂ ಅವನಿಗೆ ಆಗ ಅರ್ಥವಾಯಿತು. ಹಾಲಿನವಳು ಹೇಳಿ ಹೋದಾಗಿನಿಂದ ಅವಳು ಈ ಒಂದು ಉತ್ತರಕ್ಕಾಗಿ ಕಾಯುತ್ತಿದ್ದಳು. ಬುಧವಾರ ಎಂದರೆ ಸಾಕು. ಒಂದು ಶಬ್ದ. ಅದನ್ನು ಹೇಳಿದರೆ ಅರ್ಧ ಲೋಟ ಕಾಫಿ ಅವಳ ತಲೆಯಿಂದ ಇಳಿಯುತ್ತದೆ. ಹೇಳಿದ ಮರುಗಳಿಗೆ ಅವಳು ಕೇಳುವುದೂ ಅವನಿಗೆ ಕೇಳಿಸಿತು. 'ಬುಧವಾರ ರಾತ್ರಿ ನೀನು ಇಲ್ಲೇ ಕೂತು ಉಂಡ್ಯಲ್ಲೋ ಪುಟ್ಟಾ. ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?' ಅದಕ್ಕೆ ಕೊಡಬೇಕಾದ ಉತ್ತರ, ಭಾವ ತಮಾಷೆ ಮಾಡಿದರು, ನೀನು ನಕ್ಕೆ, ಎನ್ನುವುದು. ಬಾಯಲ್ಲಿ ತುತ್ತು ಇತ್ತು. ನುಂಗಿದ.

"ನಿನ್ನೆ," ಎಂದ.

"ನಿನ್ನೆನಾ?"

"ನಿನ್ನೆ ಸಾಯಂಕಾಲ. ಗಾಡಿ ಹೋದ್ಮೇಲೆ."

ಅಕ್ಕ ಕಿಟಕಿಯ ಕಡೆ ನೋಡಿದಳು. "ಹಾಗಾದ್ರೆ ಅವತ್ತು ಐದು ನಿಮಿಷ ಮುಂದೇ ಇತ್ತು."

"ಇತ್ತು."

"ಸರಿಯಾಗಿ ಗೊತ್ತಾ ನಿಂಗೆ? ಮಧ್ಯೆ ಯಾರಾದ್ರೂ ಮುಟ್ಟಿರ್ಬೋದಾ?"

"ಯಾರು ಮುಟ್ತಾರೆ ಅಕ್ಕ? ಕೀ ಕೊಡೋದು ನಾನೊಬ್ಬನೇ ಅಲ್ವಾ."

ನಾಳೆ ಮಾರಾಟದವನು ಹೇಳಬಹುದು, ಪೋರ್ಟರ್ ಹೇಳಬಹುದು, ಈ ಸುಳ್ಳು ಒಂದು ವಾರ ನಿಲ್ಲುವುದೂ ಅನುಮಾನ ಎಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿಯಾಗಿತ್ತು. ಅಕ್ಕ ತಲೆಯಾಡಿಸಿದಳು. ಮುಖದ ಮೇಲೆ ಅಳುವೇನೂ ಬರಲಿಲ್ಲ. ಬೆಳಿಗ್ಗೆಯಿಂದ ನೆಟ್ಟಗಿದ್ದ ಬೆನ್ನು ಮಾತ್ರ ಮೆಲ್ಲಗೆ ಬಾಗಿತು.

"ಬ್ಯಾಡ ಅಂದ್ರೂ ಒಂದು ಆಸೆ ಹುಟ್ಟಿತ್ತು ಕಣೋ," ಎಂದಳು. "ಒಂದು ವೇಳೆ ಮೊದಲೇ ಸರಿ ಮಾಡಿದ್ರೆ, ನನ್ನಿಂದ ಅಲ್ಲ ಅಂತ ಆಗುತ್ತೆ ಅಂತ. ಎಂಥ ಹುಚ್ಚು ನೋಡು. ಹೋಗ್ಲಿ ಬಿಡು, ನಂದೇ ಅದು." ಪಾತ್ರೆಯ ಕಡೆ ತಿರುಗಿ, ಸೌಟಿನಲ್ಲಿ ತಳ ಕೆರೆದು, ಮತ್ತೆ ಅವನ ಕಡೆ ತಿರುಗಿದಳು. "ನೀನು ಉಣ್ಣು. ಇನ್ನೊಂಚೂರು ಹಾಕ್ಲಾ?"

"ಹಾಕು," ಎಂದು ಅವನು ತಟ್ಟೆಯನ್ನು ಮುಂದೆ ಒಡ್ಡಿದ.